ಕೊಯ್ಲಿಗೆ ನಾನೇ ಇರುತ್ತೇನೆ

"ಅದ್ಯಾವ ಹೆಡ್‌ಕ್ವಾರ್ಟರ್ಸು ಮಾರಾಯ, ಹಣ್ಣು ಕಾಫಿನ ಗಿಡದಲ್ಲೇ ಬಿಟ್ಟು ಬಾ ಅನ್ನೋದು?"

ಆಲ್ದೂರಿನ ಪ್ಲಾಂಟರ್ ಜಯದೇವಪ್ಪನವರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಬೆಳಗ್ಗೆಯಿಂದ ಇದನ್ನು ನಾಲ್ಕನೇ ಸಲ ಕೇಳುತ್ತಿದ್ದರು. ಎದುರಿಗೆ ನಿಂತವನು ಎಸ್ಟೇಟಿನ ರೈಟರ್ ಫಯಾಜ್. ವರ್ಷಕ್ಕೆ ಹತ್ತು ತಿಂಗಳು ಅವನು ತೋಟದ ಆಳುಕಾಳು ನೋಡಿಕೊಳ್ಳುತ್ತಾನೆ, ಎರಡು ತಿಂಗಳು ಟೆರಿಟೋರಿಯಲ್ ಆರ್ಮಿಯ ತರಬೇತಿಗೆ ಹೋಗುತ್ತಾನೆ. ಈ ಸಲದ ಕರೆ ಡಿಸೆಂಬರಿಗೇ ಬಂದಿದೆ, ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು. ಗಿಡದ ತುಂಬ ಹಣ್ಣು. ಕಳಸದ ಕಡೆಯಿಂದ ಅಕಾಲದ ಮೋಡ ಬೇರೆ.

ಜಯದೇವಪ್ಪ: ಹೋದ ವರ್ಷ ಜುಲೈಗೆ ಹೋಗಿದ್ದೆಯಲ್ಲ. ಈ ಸಲ ಬದಲಾಯಿಸಿದ್ದು ಯಾರು? ನಿನ್ನ ಪಲ್ಟನ್ನಿನವರಾ?

ಫಯಾಜ್: ಪಲ್ಟನ್ನು ತರಬೇತಿ ಕೊಡ್ತದೆ ಸಾವ್ಕಾರ್ರೇ. ಅದರ ಮೇಲೆ ನಮ್ಮ ಈ ಕಡೆಗೆಲ್ಲ ಒಂದು ಹೆಡ್‌ಕ್ವಾರ್ಟರ್ಸ್ ಇದೆ. ಎಲ್ಲಿ ಜನ ಸಾಲದು, ಯಾರ ತರಬೇತಿ ಬಾಕಿ, ನಾಳೆ ಕರೆದ್ರೆ ಎಷ್ಟು ಜನ ಎದ್ದು ಬರ್ತಾರೆ, ಎಲ್ಲ ಅವ್ರೇ ನೋಡೋದು.

ಜಯದೇವಪ್ಪ: ಅವ್ರು ಬಂದೂಕು ಹಿಡಿಯೂದಿಲ್ವಾ?

ಫಯಾಜ್: ಹಿಡಿಯೋರನ್ನ ನೋಡ್ಕೊಳ್ತಾರೆ.

ಜಯದೇವಪ್ಪ: ಅಂದ್ರೆ ಕುರ್ಚಿ ಮೇಲೆ ಕೂತು, ಬೇರೆಯವ್ರು ಕೆಲಸ ಮಾಡ್ತಾರಾ ಇಲ್ವಾ ಅಂತ ನೋಡೋದು. ಅದೂ ಒಂದು ಕೆಲಸನಾ?

ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಗಿರಿಜಾಂಬಾ ಕೆಮ್ಮಿದರು. ಅವರಿಗೆ ನೆಗಡಿಯೇನೂ ಇರಲಿಲ್ಲ.

ಜಯದೇವಪ್ಪ: ನೀನೇನು ಕಾಯಂ ಸೈನಿಕನಾ? ರಿಸರ್ವು ತಾನೇ?

ಫಯಾಜ್: ಅದೇ. ರಿಸರ್ವ್ ಅಂದ್ರೆ ಉಳಿದ ದಿನ ಮನೇಲಿರೋದು, ಕರೆ ಬಂದ ದಿನ ಯಾಕೆ ಅಂತ ಕೇಳದೆ ಏಳೋದು.

ಜಯದೇವಪ್ಪ: ನೀನು ಎದ್ದು ಹೋದ್ರೆ ಕಲ್ಲಮ್ಮನ್ನ ಕರೆಯೋದು ಯಾರು?

ಇದ್ದ ಸಂಕಟವೆಲ್ಲ ಇದೇ. ವಸ್ತಾರೆಯ ಕಲ್ಲಮ್ಮನ ಹಿಂದೆ ಮೂವತ್ತು ಜನ ಕೊಯ್ಲಿನ ಹೆಂಗಸರಿದ್ದಾರೆ. ಫೋನು ಮಾಡಿದರೆ ಆಕೆ ಬರುವವಳಲ್ಲ. ಕೊಯ್ಲು ಮಾಡಿಸುವವರು ಮನೆಗೆ ಹೋಗಿ, ಚಾಪೆ ಮೇಲೆ ಕೂತು, ಬೆಲ್ಲದ ಕಾಫಿ ಕುಡಿದು, ತೋಟದ ಯಾವ ಪಟ್ಟೆ ಮೊದಲು ಕೊಯ್ಯಬೇಕು ಎಂದು ಹೇಳಬೇಕು. ಒಂಬತ್ತು ವರ್ಷದಿಂದ ಆ ಚಾಪೆ ಮೇಲೆ ಕೂತವನು ಫಯಾಜ್. ಹೋದ ವರ್ಷ ಜಯದೇವಪ್ಪನವರು ಜೀಪಿನಿಂದ ಇಳಿಯದೆ "ನೀವಲ್ಲದಿದ್ರೆ ನೂರು ಜನ" ಅಂದಿದ್ದರು. ಫಯಾಜನ ಮುಖ ನೋಡಿ ಕಲ್ಲಮ್ಮ ಕೆಲಸ ಬಿಟ್ಟಿರಲಿಲ್ಲ, ಆದರೆ ಮಾತನ್ನೂ ಮರೆತಿರಲಿಲ್ಲ.

ಜಯದೇವಪ್ಪ: ಇವತ್ತಿದ್ದೀಯಲ್ಲ, ಈಗಲೇ ಹೋಗಿ ಹೇಳಿ ಬಾ.

ಫಯಾಜ್: ಬೆಳಗ್ಗೆನೇ ಹೋಗಿದ್ದೆ. ನಾಳೆಯಿಂದ ಯಾರು ನಿಂತು ಮಾಡಿಸ್ತಾರೆ ಅಂದ್ರು. ನಿಮ್ಮ ಹೆಸರು ಹೇಳ್ದೆ. ಹಾಗಾದ್ರೆ ಅವ್ರೇ ಬಂದು ಕರೀಲಿ ಅಂದ್ರು. ಸಂಜೆಯೊಳಗೆ ಯಾರೂ ಬರದಿದ್ರೆ ಪಕ್ಕದ ಎಸ್ಟೇಟಿಗೆ ಹೋಗ್ತಾರಂತೆ.

ಜಯದೇವಪ್ಪ: ನೋಡು, ಎಲ್ಲೋ ದೂರದಲ್ಲಿ ಕೂತು ತಾರೀಕು ಹಾಕಿದ್ರೆ ಹೀಗೇ ಆಗೋದು. ತೋಟದೋರನ್ನ ಒಂದು ಮಾತು ಕೇಳಬೇಕಿತ್ತು.

ಫಯಾಜ್: ಕೇಳಿದ್ರು.

ಜಯದೇವಪ್ಪ: ಯಾರನ್ನ?

ಫಯಾಜ್ ಬಾಗಿಲ ಕಡೆ ನೋಡಿದ. ಗಿರಿಜಾಂಬಾ ಫೈಲು ಹಿಡಿದೇ ಬಂದರು. ಅದರಲ್ಲಿ ಹೋದ ವರ್ಷ ಸೆಪ್ಟೆಂಬರಿನಲ್ಲಿ ಹೆಡ್‌ಕ್ವಾರ್ಟರ್ಸಿಗೆ ತುಂಬಿ ಕಳಿಸಿದ ಫಾರಮಿನ ಪ್ರತಿ ಇತ್ತು.

ಗಿರಿಜಾಂಬಾ: "ಯಾವ ತಿಂಗಳಲ್ಲಿ ಇವರನ್ನು ಬಿಟ್ಟುಕೊಡಲು ಅನುಕೂಲ?" ನಿಮ್ಮ ಉತ್ತರ: "ಡಿಸೆಂಬರ್, ಜನವರಿ. ಮಳೆಗಾಲಕ್ಕೆ ರೈಟರ್ ಇರಲೇಬೇಕು. ಕೊಯ್ಲಿಗೆ ನಾನೇ ಇರುತ್ತೇನೆ." ಕೆಳಗೆ ಸಹಿ. ಎರಡು ಸಲ ಗೆರೆ ಬೇರೆ ಎಳೆದಿದ್ದೀರಿ.

ಆ ವರ್ಷದ ಜುಲೈಯಲ್ಲಿ ಫಯಾಜ್ ಇಲ್ಲದೆ ಜಯದೇವಪ್ಪನವರೇ ತೋಟ ಸುತ್ತಿದ್ದರು. ಜಿಗಣೆಗಳಿಗೆ ಸಾವ್ಕಾರ್ರು, ಆಳು ಎಂಬ ಭೇದವಿಲ್ಲ. ಆ ಸಿಟ್ಟಿನಲ್ಲೇ ಫಾರಮು ತುಂಬಿದ್ದು.

ಜಯದೇವಪ್ಪ: ನೀನಾದ್ರೂ ಆಗ ಹೇಳಬಾರದಿತ್ತಾ?

ಫಯಾಜ್: ಹೇಳ್ದೆ. "ಇಪ್ಪತ್ತು ವರ್ಷದಿಂದ ಇಲ್ಲಿ ಕೊಯ್ಲು ಮಾಡಿಸ್ತಿರೋನು ಯಾರು?" ಅಂದ್ರಿ.

ಸುಳ್ಳು ಹೇಳಿದ್ದಲ್ಲ ಪಾಪ. ಪ್ರತಿ ಕೊಯ್ಲಿಗೂ ಅವರು ಕಣದಲ್ಲಿ ಕುರ್ಚಿ ಹಾಕಿಸಿ ಕೂರುತ್ತಿದ್ದರು, ಚೀಲಗಳು ಬಂದು ಬೀಳುತ್ತಿದ್ದವು. ತಾವು ಕೂತದ್ದರಿಂದಲೇ ಬೀಳುತ್ತಿವೆ ಎಂದು ಮನಸಾರೆ ನಂಬಿದ್ದರು. ಈಗ ಮೊದಲ ಸಲ ಅವರಿಗೆ ಹೆದರಿಕೆಯಾಯಿತು.

ಜಯದೇವಪ್ಪ: ತಪ್ಪಾಯ್ತು ಅಂತ ಹೆಡ್‌ಕ್ವಾರ್ಟರ್ಸಿಗೆ ಬರೆದ್ರೆ?

ಫಯಾಜ್: ಬರೀಬಹುದು. ಕಾಗದ ಹೋಗಿ ಬರೋಷ್ಟರಲ್ಲಿ ಕಾಫಿ ನೆಲ ಕಂಡಿರ್ತದೆ.

ಅಂಗಳದಲ್ಲಿ ನಾಲ್ಕು ಹನಿ ಬಿತ್ತು. ಗಿರಿಜಾಂಬಾ ಗಂಡನ ಚಪ್ಪಲಿ ತಂದು ಕುರ್ಚಿಯ ಮುಂದೆ ಇಟ್ಟರು.

ಗಿರಿಜಾಂಬಾ: ಅದೇ ತಪ್ಪಾಯ್ತು ಅನ್ನೋ ಮಾತನ್ನ ವಸ್ತಾರೆಗೆ ಹೋಗಿ ಹೇಳಿ. ಜೀಪು ರಸ್ತೇಲೇ ಬಿಟ್ಟು ನಡ್ಕೊಂಡು ಹೋಗಿ. ಕಾಫಿ ಕೊಟ್ರೆ ಬೇಡ ಅನ್ಬೇಡಿ.

ಜಯದೇವಪ್ಪ: ನಾನಾ? ಇಪ್ಪತ್ತು ವರ್ಷದಲ್ಲಿ ಒಂದು ದಿನ ಆ ಮನೆ ಬಾಗಿಲು ತುಳಿದೋನಲ್ಲ. ನಾನೇ ಯಾಕೆ?

ಫಯಾಜ್: ಯಾಕೆ ಅಂತ ಕೇಳೂ ಹಾಗಿಲ್ಲ ಸಾವ್ಕಾರ್ರೇ.

ಗಿರಿಜಾಂಬಾ: ನಿಮ್ಮನ್ನ ಇಪ್ಪತ್ತು ವರ್ಷ ರಿಸರ್ವಿನಲ್ಲಿ ಇಟ್ಟಿದ್ದು ಇಂಥ ದಿನಕ್ಕೇ. ಕರೆ ಬಂದಿದೆ, ಏಳಿ.