ಏಳನೇ ನಂಬರ್ ಬಸ್ಸಿನಲ್ಲಿ ಹೋದ ಸುದ್ದಿ

“ನಾಳೆಯಿಂದ ನಾನು ಸಿಗರೇಟು ಮುಟ್ಟಿದರೆ ನನ್ನ ಹೆಸರು ಫಾಂಗ್ ದೆಬಿನ್ ಅಲ್ಲ!”

ಹೀಗೆಂದು ದೆಬಿನ್ ಊಟದ ಮೇಜನ್ನು ಗುದ್ದಿದ ರಭಸಕ್ಕೆ ಬಟ್ಟಲು ಬೆಚ್ಚಿ ಅರ್ಧ ಸಾರನ್ನು ಚೆಲ್ಲಿತು. ಹೆಂಡತಿ ಮಿನ್ಲಿ ಮಾತ್ರ ಬೆಚ್ಚಲಿಲ್ಲ. ಆರು ವರ್ಷದ ದಾಂಪತ್ಯದಲ್ಲಿ ಈ ಘೋಷಣೆಯನ್ನು ಅವಳು ನಾಲ್ಕು ಸಲ ಕೇಳಿದ್ದಳು. ಆ ಲೆಕ್ಕದಲ್ಲಿ ಅವನಿಗೆ ಇದು ಐದನೇ ಹೆಸರು ಇರಬೇಕಿತ್ತು.

“ಮೇಜು ಒರೆಸು. ಆಮೇಲೆ ಶಪಥ ಮಾಡು,” ಎಂದಳು. ಅವನು ಒರೆಸಿದ. ನಮ್ಮ ಸಿಚುವಾನ್‌ನಲ್ಲಿ ಹೆಂಡತಿಯ ಮಾತು ಮೀರದವನನ್ನು ‘ಮೆತ್ತನೆ ಕಿವಿಯವನು’ ಎನ್ನುತ್ತೇವೆ. ಅದು ಬೈಗುಳವೇನಲ್ಲ ಬಿಡಿ, ನಮ್ಮ ನೈಜಿಯಾಂಗ್ ಊರಿನ ಮುಕ್ಕಾಲು ಪಾಲು ಗಂಡಸರು ಅದೇ ಜಾತಿಯವರು.

ಆದರೆ ಈ ಸಲದ ಶಪಥ ಹಿಂದಿನ ನಾಲ್ಕರಂತೆ ಇರಲಿಲ್ಲ. ಅಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ವೈದ್ಯೆ ದೆಬಿನ್‌ನ ರಿಪೋರ್ಟನ್ನು ಕನ್ನಡಕದ ಮೇಲಿನಿಂದ ನೋಡಿ, ಆಮೇಲೆ ಕೆಳಗಿನಿಂದ ನೋಡಿ, “ತೊಂಬತ್ತು ದಿನ ಒಂದು ಎಳೆ ಹೊಗೆಯೂ ಬೇಡ. ಆಮೇಲೆ ಮಗುವಿನ ಮಾತಾಡೋಣ,” ಎಂದಿದ್ದರು.

ಮಿನ್ಲಿ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಅದರಲ್ಲಿ ತೊಂಬತ್ತು ಮನೆಗಳು, ಪಕ್ಕದಲ್ಲಿ ದಾರ ಕಟ್ಟಿದ ಕೆಂಪು ಪೆನ್ನು.

“ದಿನಕ್ಕೊಂದು ಗೀಟು. ಒಂದು ದಮ್ಮು ಎಳೆದರೂ ಮತ್ತೆ ಒಂದರಿಂದ. ಮುಂದಿನ ತಿಂಗಳು ನನಗೆ ಮೂವತ್ತೈದು ತುಂಬುತ್ತೆ ದೆಬಿನ್. ನೀನು ಕಳೆಯೋ ದಿನ ನಿನ್ನದಷ್ಟೇ ಅಲ್ಲ, ನನ್ನದೂ ಹೌದು.”

ಈ ಮಾತು ಅವನಿಗೆ ನಾಟಿತು. ಆದರೂ ಮೀಸೆ ತಿರುವುವ ಚಟ ಎಲ್ಲಿ ಹೋಗುತ್ತದೆ? (ಮೀಸೆ ಇರಲಿಲ್ಲ, ಗಲ್ಲವನ್ನೇ ತಿರುವಿಕೊಂಡ.) “ಇದೆಲ್ಲ ಮನಸ್ಸಿನ ಬಲದ ಮಾತು ಮಿನ್ಲಿ. ನಮ್ಮ ಬಸ್ ಡಿಪೋದವರಿಗೆ ಅದಿಲ್ಲ, ಪಾಪ. ನನಗಿದೆ!”

“ಇದ್ದರೆ ಒಳ್ಳೇದು. ದಿನಾ ಸಂಜೆ ಬಾಗಿಲಲ್ಲೇ ಬಾಯಿ ತೆರೆದು ‘ಆ’ ಅನ್ನಬೇಕು, ನಾನು ಮೂಸಿ ನೋಡಿ ಒಳಗೆ ಬಿಡ್ತೀನಿ.”

ದೆಬಿನ್ ಕೆಲಸ ಮಾಡುತ್ತಿದ್ದುದು ಸಿಟಿ ಬಸ್ ಡಿಪೋದ ರಿಪೇರಿ ಶೆಡ್ಡಿನಲ್ಲಿ. ಆರು ಜನ ಮೆಕ್ಯಾನಿಕ್‌ಗಳು. ಆ ಶೆಡ್ಡಿನಲ್ಲಿ ಬಸ್ಸುಗಳಿಗಿಂತ ಹೆಚ್ಚು ಹೊಗೆ ಬಿಡುತ್ತಿದ್ದವರು ಮೆಕ್ಯಾನಿಕ್‌ಗಳೇ. ಬೆಳಿಗ್ಗೆ ಬಂದವನು ಮೊದಲು ಪ್ಯಾಕು ತೆಗೆದು ಎಲ್ಲರಿಗೂ ಒಂದೊಂದು ಹಂಚಬೇಕು. ಕೊಟ್ಟದ್ದನ್ನು ಬೇಡ ಎಂದರೆ ಕೊಟ್ಟವನ ಮುಖಕ್ಕೆ ಉಗಿದ ಹಾಗೆ. ಅದರಲ್ಲೂ ಐವತ್ತೆಂಟು ವರ್ಷದ ಗಾವ್ ಮೇಸ್ತ್ರಿ, ದೆಬಿನ್‌ಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು, ತಮ್ಮ ಕೈಯಾರೆ ಕೊಟ್ಟರೆ ಬೇಡ ಎನ್ನುವ ಗಂಡು ಆ ಡಿಪೋದಲ್ಲಿ ಇನ್ನೂ ಹುಟ್ಟಿರಲಿಲ್ಲ.

ದೆಬಿನ್ ಉಪಾಯ ಹೂಡಿದ. “ಆಮೇಲೆ ಸೇದ್ತೀನಿ ಮೇಸ್ತ್ರೀ,” ಎಂದು ಕೊಟ್ಟದ್ದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. ಎರಡು ಕಿವಿಗೆ ಎರಡು. ಅವು ತುಂಬಿದ ಮೇಲೆ ಅಂಗಿಯ ಜೇಬು. ಅದೂ ತುಂಬಿದ ಮೇಲೆ ಪ್ಯಾಂಟಿನ ಜೇಬು, ಹತಾರದ ಪೆಟ್ಟಿಗೆ. ಮೂರು ದಿನ ಒಂದನ್ನೂ ಸೇದದೆ ಹೆಮ್ಮೆಯಿಂದ ಬೀಗುತ್ತಾ ಮನೆಗೆ ಬಂದು ಆ ಎಂದ, ಪಾಸಾದ. ಆ ಹೆಮ್ಮೆಯಲ್ಲಿ ಜೇಬು ಖಾಲಿ ಮಾಡುವುದನ್ನು ಮರೆತ.

ನಾಲ್ಕನೇ ದಿನ ಮಿನ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಬಾಗಿಲು ತೆರೆದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ದೆಬಿನ್‌ನ ಅಂಗಿ ಪ್ಯಾಂಟಿನ ಜೊತೆ ಹಾಕಿದ್ದ, ಹಾಲಿನಂತಿದ್ದ ಅವಳ ಮೂರು ಬಿಳಿ ಕೋಟುಗಳು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿ, ಮೈತುಂಬ ಹೊಗೆಸೊಪ್ಪು ಅಂಟಿಸಿಕೊಂಡು ಹೊರಬಂದವು.

“ಫಾಂಗ್ ದೆಬಿನ್!”

ಹೆಂಡತಿ ಪೂರ್ತಿ ಹೆಸರು ಹಿಡಿದು ಕೂಗಿದರೆ ನಮ್ಮೂರಿನ ಗಂಡಸರು ಮೊದಲು ಚಪ್ಪಲಿ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ, ಓಡುವುದಕ್ಕೆ.

“ಸೇದಿಲ್ಲ! ನಿನ್ನಾಣೆಗೂ ಸೇದಿಲ್ಲ! ಸುಮ್ಮನೆ ಇಸ್ಕೊಂಡೆ ಅಷ್ಟೇ!”

“ಸೇದದೇ ಇದ್ದರೆ ಇಸ್ಕೊಳ್ಳೋದು ಯಾಕೆ? ಬೇಡ ಅನ್ನೋಕೆ ಬಾಯಿಲ್ವಾ?”

“ಮೇಸ್ತ್ರಿಗೆ ಬೇಡ ಅನ್ನೋದಾ! ನಾಳೆಯಿಂದ ನನ್ನ ಜೊತೆ ಮಾತೇ ಬಿಡ್ತಾರೆ.”

“ಒಂದು ಕಾರಣ ಹೇಳೋ ಮಾರಾಯ! ಯಾರೂ ಎರಡನೇ ಮಾತಾಡಬಾರದು, ಅಂಥದ್ದೊಂದು ಕಾರಣ!”

ಮಿನ್ಲಿ ಕೊಟ್ಟ ಸಲಹೆ ಇಷ್ಟೇ. ಮರುದಿನ ದೆಬಿನ್ ಮಾಡಿದ ಅನಾಹುತಕ್ಕೆ ಅವಳು ಹೊಣೆಯಲ್ಲ ಎಂದು ನಾನು ಯಾವ ಪಂಚಾಯಿತಿಯಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಬೆಳಿಗ್ಗೆ ಗಾವ್ ಮೇಸ್ತ್ರಿ ಸಿಗರೇಟು ಚಾಚಿದರು. ದೆಬಿನ್ ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ. “ಬೇಡ ಮೇಸ್ತ್ರೀ. ನಾವು ಮಗುವಿಗೆ ತಯಾರಿ ಮಾಡ್ಕೊಳ್ತಿದ್ದೀವಿ.”

ಶೆಡ್ಡಿನಲ್ಲಿ ಸ್ಪ್ಯಾನರುಗಳು ನಿಂತವು. ಮೇಸ್ತ್ರಿ ಚಾಚಿದ ಕೈಯನ್ನು ಹಾವು ಕಂಡವರಂತೆ ಹಿಂದಕ್ಕೆಳೆದುಕೊಂಡು, ತಮ್ಮ ಬಾಯಲ್ಲಿದ್ದುದನ್ನೂ ಕಾಲಡಿ ಹೊಸಕಿದರು. “ಲೇ, ಇದನ್ನು ಮೊದಲೇ ಹೇಳಬಾರದೇನೋ ಕತ್ತೆ! ಲೇ, ಎಲ್ಲರೂ ಕೇಳಿ! ಇವನ ಹತ್ತಿರ ಯಾವನಾದರೂ ಹೊಗೆ ಬಿಟ್ಟರೆ ಹಲ್ಲು ಉದುರಿಸ್ತೀನಿ!”

ದೆಬಿನ್ ಗೆದ್ದ! ಅಂದಿನಿಂದ ಐವರೂ ಸೇದುವುದಕ್ಕೆ ಶೆಡ್ಡಿನ ಹಿಂದಕ್ಕೆ ಹೋಗತೊಡಗಿದರು.

ಗೆಲುವು ಮಧ್ಯಾಹ್ನದವರೆಗೆ ಉಳಿಯಿತು. ಮೇಸ್ತ್ರಿಯ ಹೆಂಡತಿ ಗಾವ್ ಅತ್ತಿಗೆ ದಿನಾ ಸಂಜೆ ಚೌಕದಲ್ಲಿ ಹಾಡು ಹಾಕಿಕೊಂಡು ಕುಣಿಯುವ ಹೆಂಗಸರ ತಂಡದ ನಾಯಕಿ. ಅದೇ ತಂಡದ ಎರಡನೇ ಸಾಲಿನಲ್ಲಿ ದೆಬಿನ್‌ನ ತಾಯಿ. ಊಟದ ಡಬ್ಬಿ ಕೊಡಲು ಬಂದ ಅತ್ತಿಗೆಗೆ ಮೇಸ್ತ್ರಿ ಗುಟ್ಟಾಗಿ ಹೇಳಿದರು. ಅತ್ತಿಗೆ ಏಳನೇ ನಂಬರ್ ಬಸ್ಸು ಹತ್ತಿ ಡ್ರೈವರ್‌ಗೆ ಗುಟ್ಟಾಗಿ ಹೇಳಿದರು. ಏಳನೇ ನಂಬರ್ ಬಸ್ಸು ಊರಿಡೀ ಸುತ್ತುವ ಬಸ್ಸು. ಗುಟ್ಟು ಇಪ್ಪತ್ತಮೂರು ಸ್ಟಾಪಿನಲ್ಲಿ ಇಳಿಯಿತು.

ಮರುದಿನ ಬೆಳಿಗ್ಗೆ ಮಿನ್ಲಿ ಆ ಬಸ್ಸು ಹತ್ತಿದಳು. ಡ್ರೈವರ್ ಕನ್ನಡಿಯಲ್ಲಿ ಅವಳನ್ನು ಕಂಡದ್ದೇ ತಡ, “ಯಾರಾದರೂ ಎದ್ದು ಸೀಟು ಕೊಡಿ! ನಮ್ಮ ದೆಬಿನ್ ಹೆಂಡತಿ! ತಯಾರಿಯಲ್ಲಿದ್ದಾರೆ!” ಎಂದು ಕೂಗಿದ. ಮೂವರು ಒಟ್ಟಿಗೆ ಎದ್ದರು. ಅವಳು ಒಂದು ಸ್ಟಾಪು ಮೊದಲೇ ಇಳಿದು ನಡೆದಳು. ಅಂಗಡಿಯಲ್ಲಿ ಕೆಮ್ಮಿನ ಔಷಧಿಗೆಂದು ಬಂದ ಹೆಂಗಸರಲ್ಲಿ ಒಬ್ಬಳಿಗೂ ಕೆಮ್ಮಿರಲಿಲ್ಲ. ಗಾವ್ ಅತ್ತಿಗೆಯಂತೂ ಗಲ್ಲಾದ ಮೇಲೆ ಮೊಣಕೈ ಊರಿ, ಬೀದಿಯ ಆಚೆ ಬದಿಗೂ ಕೇಳಿಸುವಂತೆ, “ಏನಮ್ಮಾ, ಏನಾದರೂ ಸುದ್ದಿ?” ಎಂದು ಪಿಸುಗುಟ್ಟಿದರು.

ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಅತ್ತೆ! ಜೊತೆಗೆ ಕಾಲು ಕಟ್ಟಿದ ಮೂರು ಕಪ್ಪು ಕೋಳಿಗಳು, ಎಂಬತ್ತು ಮೊಟ್ಟೆಗಳು!

“ಅಮ್ಮಾ, ಇನ್ನೂ ಏನೂ ಆಗಿಲ್ಲ,” ಎಂದಳು ಮಿನ್ಲಿ ಕೆಂಪಾಗಿ.

“ಗೊತ್ತು ಕಣಮ್ಮಾ. ಆಗೋಕೆ ಅಂತಲೇ ಕೋಳಿ ತಂದೆ. ಬಸ್ಸಲ್ಲಿ ಎಲ್ಲರೂ ಕೇಳಿದರು, ಯಾರಿಗೆ ಕೋಳಿ ಅಂತ. ಹೇಳಿದೆ.”

ದೆಬಿನ್ ಬಾಗಿಲಲ್ಲಿ ಬಂದು ನಿಂತು ಆ ಎಂದ. ಮಿನ್ಲಿ ಮೂಸಲಿಲ್ಲ.

“ಕಾರಣ ಹೇಳು ಅಂದೆ, ಕೋಣೆಯ ಬಾಗಿಲು ತೆಗೆದಿಡು ಅಂದೆನಾ? ನಮ್ಮ ಮಂಚ ಏಳನೇ ನಂಬರ್ ಬಸ್ಸಿನಲ್ಲಿ ಊರು ಸುತ್ತುತ್ತಿದೆಯಲ್ಲೋ!”

“ಆದರೆ ಯಾರೂ ಸಿಗರೇಟು ಕೊಡ್ತಿಲ್ಲ ಮಿನ್ಲಿ!”

“ಬಾಯಿ ಮುಚ್ಚು!”

“ನೀನೇ ಆ ಅನ್ನು ಅಂದಿದ್ದೆ...”

ಹೀಗೆ ಊರೆಲ್ಲ ಕಾವಲು ನಿಂತ ಮೇಲೆ ಮನಸ್ಸಿನ ಬಲಕ್ಕೆ ಕೆಲಸವೇ ಇರಲಿಲ್ಲ. ಗೀಟುಗಳು ಇಪ್ಪತ್ತಾದವು, ನಲವತ್ತಾದವು, ಅರವತ್ತಾದವು. ಕೋಳಿಗಳು ಸಾರಾದವು. ಮಿನ್ಲಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂರುವ ಮಟ್ಟಿಗೆ ಒಗ್ಗಿಕೊಂಡಳು. ದೆಬಿನ್ ಮಾತ್ರ, “ನೋಡಿದಿರಾ, ಗಂಡಸು ಅಂದರೆ ಹೀಗಿರಬೇಕು!” ಎಂದು ಡಿಪೋದಲ್ಲಿ ಭಾಷಣ ಬಿಗಿಯುತ್ತಿದ್ದ.

ಅರವತ್ತೊಂದನೇ ದಿನ ಹತಾರದ ಪೆಟ್ಟಿಗೆಯ ತಳದಲ್ಲಿ ಒಂದು ಸಿಗರೇಟು ಸಿಕ್ಕಿತು. ಮೊದಲ ವಾರ ಗಾವ್ ಮೇಸ್ತ್ರಿ ಕೊಟ್ಟದ್ದೇ. ಸ್ವಲ್ಪ ಬಾಗಿತ್ತು, ಗ್ರೀಸು ಹತ್ತಿತ್ತು. ದೆಬಿನ್ ಅದನ್ನು ಎಸೆಯಲೆಂದೇ ಎತ್ತಿಕೊಂಡ. ಎಸೆಯಲೆಂದೇ ಕೆಟ್ಟು ನಿಂತಿದ್ದ ಹಳೇ ಬಸ್ಸಿನ ಹಿಂದಿನ ಸೀಟಿಗೆ ಹೋದ. ಎಸೆಯಲೆಂದೇ ಬಹುಶಃ ಹೊತ್ತಿಸಿದ ಕೂಡ.

ಎರಡೇ ದಮ್ಮು. ಬಸ್ಸಿನ ಕಿಟಕಿಯಿಂದ ಹೊಗೆ ಸುರುಳಿ ಸುರುಳಿಯಾಗಿ ಹೊರಟಿತು.

“ಬೆಂಕಿ! ಬಸ್ಸಿಗೆ ಬೆಂಕಿ!”

ಮೇಸ್ತ್ರಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹೊತ್ತು ಓಡಿಬಂದು, ಕಿಟಕಿಯೊಳಗೆ ಅದರ ಮೂತಿಯಿಟ್ಟು ಹಿಡಿ ಒತ್ತಿಯೇಬಿಟ್ಟರು. ಹಿಂದೆಯೇ ಇನ್ನಿಬ್ಬರು ಇನ್ನೆರಡು ಸಿಲಿಂಡರ್ ತಂದರು. ಬಿಳಿ ಪುಡಿಯ ಮೋಡ ಇಳಿದ ಮೇಲೆ ಹಿಂದಿನ ಸೀಟಿನಲ್ಲಿ ಹಿಟ್ಟಿನಲ್ಲಿ ಹೊರಳಿಸಿದ ಮೀನಿನ ಹಾಗೆ ಒಬ್ಬ ಮನುಷ್ಯ ಕೂತಿದ್ದ. ತುಟಿಯಲ್ಲಿ ನೊಂದು ನಂದಿದ ಸಿಗರೇಟು.

ಯಾರೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು. ಮೇಸ್ತ್ರಿ ಆ ಸಿಗರೇಟನ್ನು ಎತ್ತಿ ನೋಡಿದರು. ತಾವೇ ಕೊಟ್ಟದ್ದೆಂದು ಗುರುತು ಸಿಕ್ಕಿತು.

“ನಾವು ಯಾರೂ ಬಾಯಿ ಬಿಡಲ್ಲ. ಮನೆಗೆ ಹೋಗು,” ಎಂದರು ಮೆಲ್ಲಗೆ.

ದೆಬಿನ್ ಬಾಗಿಲಲ್ಲಿ ಆ ಎಂದ. ಮಿನ್ಲಿ ಮೂಸಿದಳು, ಸೀನಿದಳು. “ಬರೀ ಪುಡಿ ವಾಸನೆ! ಏನಾಯ್ತೋ, ಎಲ್ಲಿ ಬೆಂಕಿ ಬಿತ್ತು? ಪೆಟ್ಟಾಗಿಲ್ಲ ತಾನೇ?” ಎನ್ನುತ್ತಾ ಅವನ ಮುಖ ಒರೆಸಿ, ಗೋಡೆಯ ಹತ್ತಿರ ಹೋಗಿ ಕೆಂಪು ಪೆನ್ನು ಎತ್ತಿದಳು.

ಅವನು ಬಚಾವಾಗಿದ್ದ. ಇನ್ನು ಇಪ್ಪತ್ತೊಂಬತ್ತೇ ದಿನ. ಆದರೆ ಪೆನ್ನಿನ ಮೊನೆ ಅರವತ್ತೊಂದರ ಮನೆಗೆ ತಾಗುವುದನ್ನು ನೋಡಲು ಅವನಿಂದ ಆಗಲಿಲ್ಲ. ಪೆನ್ನು ಹಿಡಿದ ಅವಳ ಕೈಯನ್ನು ತಡೆದ.

“ಬೇಡ ಮಿನ್ಲಿ. ಒಂದು ಅಂತ ಬರಿ.”

ಅವಳು ತಿರುಗಿ ನೋಡಿದಳು. ಬೈಯಲಿಲ್ಲ, ಪೂರ್ತಿ ಹೆಸರನ್ನೂ ಕೂಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಅರವತ್ತು ಗೀಟುಗಳನ್ನು ನೋಡುತ್ತಾ ಕೂತಳು. ಅವಳ ಕಣ್ಣು ತುಂಬಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ದೆಬಿನ್‌ಗೆ. ಆಮೇಲೆ ಅವಳು ಎದ್ದು ಹೊಸ ಹಾಳೆ ತೆಗೆದಳು.

“ಸುಳ್ಳು ಹೇಳಬಹುದಿತ್ತು ನೀನು. ನನಗೆ ಗೊತ್ತಾಗ್ತಿರಲಿಲ್ಲ.”

“ಹೂಂ.”

“ಹೇಳಲಿಲ್ಲವಲ್ಲ.” ಮೂಗೊರೆಸಿಕೊಂಡು ಅವನ ಕಿವಿ ಹಿಡಿದೆಳೆದಳು. “ಇಲ್ಲಿ ಬಾ. ಕಿವಿಯೊಳಗೆಲ್ಲ ಪುಡಿ ತುಂಬಿದೆ.”

ಮರುದಿನ ಶೆಡ್ಡಿನಲ್ಲಿ ಮೋಟು ಸಿಗರೇಟು ಹಾಕುವ ಆಯಿಲ್ ಡಬ್ಬ ಮಾಯವಾಗಿತ್ತು. ವಾರ ಕಳೆದ ಮೇಲೆ ಅದು ಕಿಟಕಿಯಲ್ಲಿ ಪ್ರತ್ಯಕ್ಷವಾಯಿತು, ಒಳಗೆ ಹಸಿರು ಈರುಳ್ಳಿ ಗಿಡ. ದೆಬಿನ್ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಐವರೂ ಈಗಲೂ ಆಗಾಗ ಶೆಡ್ಡಿನ ಹಿಂದಕ್ಕೆ ಹೋಗುತ್ತಿದ್ದರು. ಹೋಗಲಿ, ಬಡಪಾಯಿಗಳು, ಮನಸ್ಸಿನ ಬಲ ಇಲ್ಲದವರು ಎಂದುಕೊಂಡ.

ಎರಡನೇ ಹಾಳೆಯ ತೊಂಬತ್ತೂ ಮನೆಗಳು ತುಂಬಿದವು. ಅದಾದ ಎರಡನೇ ತಿಂಗಳಲ್ಲೇ ಸುದ್ದಿ ಬಂತು. ಈ ಸಲ ಅದನ್ನು ಬಸ್ಸು ಹತ್ತಿಸಿದವಳು ಖುದ್ದು ಮಿನ್ಲಿ. ಮುಂದೆ ಮಗಳು ಹುಟ್ಟಿದಳು, ಎರಡು ಮುಷ್ಟಿಯಷ್ಟು ಮುಖ, ಅದರಲ್ಲಿ ಅರ್ಧ ಬಾಯಿ.

ಮಗುವಿಗೆ ತಿಂಗಳು ತುಂಬಿದ ದಿನ ಕೆಂಪು ಬಣ್ಣದ ಮೊಟ್ಟೆಯ ಜೊತೆ ಸಂತೋಷದ ಸಿಗರೇಟು ಹಂಚುವುದು ನಮ್ಮಲ್ಲಿ ಅಪ್ಪನಾದವನ ಮರ್ಯಾದೆ. ದೆಬಿನ್‌ನ ತಾಯಿ ಕೆಂಪು ಪ್ಯಾಕುಗಳನ್ನು ತಂದು ಮೊಟ್ಟೆಗಳ ಜೊತೆ ತಟ್ಟೆಯಲ್ಲಿ ಜೋಡಿಸಿದರು. ದೆಬಿನ್ ಅದನ್ನು ಹಿಡಿದು ಎದೆಯುಬ್ಬಿಸಿಕೊಂಡು ಡಿಪೋಗೆ ಹೋಗಿ, ಒಂದು ಸಿಗರೇಟನ್ನು ಎರಡೂ ಕೈಯಲ್ಲಿ ಗಾವ್ ಮೇಸ್ತ್ರಿಯ ಮುಂದೆ ಹಿಡಿದ.

ಮೇಸ್ತ್ರಿ ಮೊಟ್ಟೆ ಎತ್ತಿಕೊಂಡು, ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. “ಬೇಡಪ್ಪಾ. ನಾವು ಮಗುವಿಗೆ ತಯಾರಿ ಮಾಡ್ಕೊಳ್ತಿದ್ದೀವಿ.”

“ನೀವಾ! ಮೇಸ್ತ್ರೀ, ನಿಮ್ಮ ಮೊಮ್ಮಗ ಶಾಲೆಗೆ ಹೋಗ್ತಾನೆ!”

“ನಾವೂ ತಯಾರಿಯಲ್ಲಿದ್ದೀವಿ,” ಎಂದ ಎರಡನೆಯವನು. “ನಾವೂ,” ಎಂದ ಮೂರನೆಯವನು. ಐದನೆಯವನಿಗೆ ಮದುವೆಯೇ ಆಗಿರಲಿಲ್ಲ. ಅವನೂ ಎದೆ ಮುಟ್ಟಿಕೊಂಡ. ಶೆಡ್ಡೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು.

“ನಿನ್ನ ಮೇಲೆ ಪುಡಿ ಸುರಿದ ದಿನವೇ ಬಿಟ್ವಿ ಕಣೋ, ಐದು ಜನಾನೂ,” ಎಂದರು ಮೇಸ್ತ್ರಿ. “ನನ್ನ ಸಿಗರೇಟಿನಿಂದ ನಿನ್ನ ಅರವತ್ತು ದಿನ ಹಾಳಾಯ್ತಲ್ಲ, ಅನ್ನ ಸೇರಲಿಲ್ಲ ನನಗೆ.”

“ಮತ್ತೆ ಶೆಡ್ಡಿನ ಹಿಂದೆ ಹೋಗಿ ಏನು ಮಾಡ್ತಿದ್ರಿ?”

“ಸೂರ್ಯಕಾಂತಿ ಬೀಜ ತಿಂತಿದ್ವಿ. ನಿನ್ನ ಭಾಷಣ ಕೇಳೋಕಾಗದೆ. ನಾವು ಯಾರೂ ಮೇಜು ಗುದ್ದಿಲ್ಲ, ಹಾಳೆ ಅಂಟಿಸಿಲ್ಲ. ಈ ಆರು ಜನರಲ್ಲಿ ಮತ್ತೆ ಒಂದರಿಂದ ಎಣಿಸಿದ ಗಂಡಸು ನೀನೊಬ್ಬನೇ!”

ದೆಬಿನ್‌ನ ಕಿವಿ ತಟ್ಟೆಯ ಮೊಟ್ಟೆಗಿಂತ ಕೆಂಪಾಯಿತು. ಕಣ್ಣೂ ಒದ್ದೆಯಾಯಿತು. ತುಂಬಿದ ಪ್ಯಾಕುಗಳನ್ನು ಹೊತ್ತುಕೊಂಡೇ ಮನೆಗೆ ಬಂದು ಎಲ್ಲವನ್ನೂ ಹೇಳಿದ. ಮಿನ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಗಾವ್ ಮೇಸ್ತ್ರಿ ತಯಾರಿಯಲ್ಲಿದ್ದಾರಾ! ತಾಳು, ನಾಳೆ ಗಾವ್ ಅತ್ತಿಗೆ ಬಸ್ಸು ಹತ್ತಲಿ. ಎಲ್ಲರ ಮುಂದೆ ಎದ್ದು ಸೀಟು ಕೊಡ್ತೀನಿ!”

ಅವನು ಅಭ್ಯಾಸಬಲದಿಂದ ಬಾಗಿ ಆ ಎಂದ. ಮಿನ್ಲಿ ಅವನ ಗಲ್ಲ ಹಿಡಿದು ಬಾಯಿ ಮುಚ್ಚಿಸಿದಳು. “ಸಾಕು. ಇನ್ನು ನಾನು ಮೂಸಲ್ಲ. ಪ್ಯಾಕು ಕೆಳಗಿಡು, ಕೈ ತೊಳೆದು ಬಂದು ಮಗಳನ್ನು ಎತ್ತಿಕೋ.”

ಇಷ್ಟು ದಿನದ ಮೇಲೆ ಮೊದಲ ಸಲ ಪರೀಕ್ಷೆಯಿಲ್ಲದೆ ಪಾಸಾದ ಹಿಗ್ಗಿನಲ್ಲಿ ದೆಬಿನ್ ಕೈಯುಜ್ಜಿ ತೊಳೆದು ಬಂದ. ಮಗಳನ್ನು ಎತ್ತಿ ಮುಖದ ಹತ್ತಿರ ತಂದು, “ನೋಡಮ್ಮಾ, ನಿಮ್ಮಮ್ಮ ನನ್ನನ್ನು ನಂಬಿಬಿಟ್ಟಳು!” ಎಂದ.

ಮಗು ಅವನ ಬಾಯಿಯ ಕಡೆಗೆ ಮೂಗು ತಂದಿತು. ಒಂದು ಸಲ ಮೂಸಿತು. ಹುಬ್ಬು ಗಂಟಿಕ್ಕಿತು. ಆಮೇಲೆ ಮನೆ ಹಾರಿಹೋಗುವ ಹಾಗೆ ಕಿರುಚಿತು.

“ಇಲ್ಲ ಕಣಮ್ಮಾ! ಮುಟ್ಟಿಲ್ಲ ಕಣಮ್ಮಾ!” ಎಂದು ಫಾಂಗ್ ದೆಬಿನ್ ಕೋಣೆಯ ತುಂಬ ಓಡಾಡುತ್ತಾ ಗೋಗರೆಯತೊಡಗಿದ. “ಬೆಳ್ಳುಳ್ಳಿ ಕಣಮ್ಮಾ, ಮಧ್ಯಾಹ್ನದ ಚಟ್ನಿದು, ಬರೀ ಬೆಳ್ಳುಳ್ಳಿ!”