ಕನ್ನಡಿಗೆ ಹೆದರುವ ರೂಟರ್ ಮಹಾಶಯರಿಗೆ ಒಂದು ಬಹಿರಂಗ ದೂರು

ಮಾನ್ಯ ರೂಟರ್ ಮಹಾಶಯರೇ,

ನಮ್ಮ ನಡುಮನೆಯ ಗೋಡೆಯ ಮೇಲೆ, ಗಡಿಯಾರಕ್ಕಿಂತ ಒಂದು ಗೇಣು ಎತ್ತರದಲ್ಲಿ ವಿರಾಜಮಾನರಾಗಿ, ಎರಡೂ ಕಿವಿ ನಿಮಿರಿಸಿಕೊಂಡು, ಹಸಿರು ಕಣ್ಣು ಮಿಟುಕಿಸುತ್ತ, ಮನೆಗೆಲ್ಲ ವೈಫೈ ಹಂಚುತ್ತ ನಮ್ಮನ್ನೆಲ್ಲ ಪಾಲಿಸುತ್ತಿರುವ ತಮಗೆ ಈ ಮನೆಯ ಮಗಳ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಬೆಳಿಗ್ಗೆ ಧೂಳು ಒರೆಸುವಾಗ ಮೈ ಕೊಂಚ ಬೆಚ್ಚಗಿತ್ತು, ಆದರೆ ಅದು ಜ್ವರವಲ್ಲ, ಹುಟ್ಟುಗುಣ ಎಂದು ತಮ್ಮ ಕಂಪನಿಯವರು ಸಮಾಧಾನ ಹೇಳಿದ್ದಾರೆ. ಈ ದೂರನ್ನು ತಮಗೆ ಗುಟ್ಟಾಗಿ ಕಳಿಸದೆ ಊರೆಲ್ಲ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಕಳಿಸಬೇಕೆಂದರೂ ಅದು ತಮ್ಮ ಮೂಲಕವೇ ಹೋಗಬೇಕು, ಪೂರ್ತಿ ತಲುಪುತ್ತದೆಂಬ ಧೈರ್ಯ ನನಗಿಲ್ಲ.

ತಾವು ಮರೆತಿದ್ದರೆ ಎಂದು ನಮ್ಮ ಪರಿಚಯ ಹೇಳಿಬಿಡುತ್ತೇನೆ. ಹಿಂದಿನ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು, ಮುರಿದ ಕುರ್ಚಿಗಳಿಗೆ ಕಾಲು ಕೂಡಿಸಿ ಬೆತ್ತ ಹೆಣೆಯುವವನು ನನ್ನ ಅಣ್ಣ. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೆಲ್ಲ ಕೈಸನ್ನೆಯಲ್ಲೇ. ಹಾಗಾಗಿ ನಮ್ಮ ಮನೆಯಲ್ಲಿ ಕರೆಯುವುದೆಂದರೆ ಕೂಗುವುದಲ್ಲ, ಕನ್ನಡಿಯಲ್ಲಿ ಕೈ ಎತ್ತುವುದು. ಅಮ್ಮ ಒಲೆಯ ಮುಂದೆ ನಿಂತಲ್ಲೇ ಕೈ ಆಡಿಸಿದರೆ ಅದು ಅಡುಗೆಮನೆಯ ಕನ್ನಡಿಯಿಂದ ಮೂಲೆಯ ಕನ್ನಡಿಗೆ, ಅಲ್ಲಿಂದ ಕೋಣೆಯ ಕನ್ನಡಿಗೆ ಹಾರಿ, ಅಣ್ಣನ ಮೂಗಿನ ಮುಂದೆ ನಿಂತು ಊಟಕ್ಕೆ ಏಳು ಎನ್ನುತ್ತದೆ. ಹೊಸದಾಗಿ ಬಂದವರು ಕ್ಷೌರದ ಅಂಗಡಿ ಹೊಕ್ಕೆವೇನೋ ಎಂದು ಒಮ್ಮೆ ಗಲ್ಲ ಸವರಿಕೊಳ್ಳುತ್ತಾರೆ.

ನಾನು ಅವನ ತಂಗಿ. ಕಿವಿ ಕೇಳಿಸುವ ತಪ್ಪಿಗೆ ಚಿಕ್ಕಂದಿನಿಂದ ಅವನ ಬಾಯಿ ನಾನೇ ಆಗಿದ್ದೇನೆ. ಗಿರಾಕಿಗಳ, ವೈದ್ಯರ, ಬ್ಯಾಂಕಿನವರ ಮಾತನ್ನು ಕೈಗೆ ದಾಟಿಸುವುದು, ಅವನ ಕೈಯನ್ನು ಮಾತಿಗೆ ದಾಟಿಸುವುದು ನನ್ನ ಕೆಲಸ. ಒಬ್ಬರದನ್ನು ಇನ್ನೊಬ್ಬರಿಗೆ ದಾಟಿಸುವುದೇ ತಮ್ಮದೂ ಕಸುಬಾದ್ದರಿಂದ, ವೃತ್ತಿಬಾಂಧವರೆಂಬ ಸಲಿಗೆಯಿಂದ ಕಳೆದ ಭಾನುವಾರದ ತಮ್ಮ ಸಾಧನೆಯನ್ನು ಇಲ್ಲಿ ಕೊಂಡಾಡುತ್ತಿದ್ದೇನೆ.

ಅಣ್ಣನಿಗೆ ಹಿಂದೆ ಬಂದ ಸಂಬಂಧಗಳಲ್ಲೆಲ್ಲ ಹೆಣ್ಣಿನ ಕಡೆಯವರು ನನ್ನ ಮುಖ ನೋಡಿಕೊಂಡೇ ಪ್ರಶ್ನೆ ಕೇಳಿ, ನನ್ನ ಮುಖ ನೋಡಿಕೊಂಡೇ ಬೇಡವೆಂದು ಎದ್ದುಹೋಗಿದ್ದರು. ಮದುವೆಯಾಗಬೇಕಾದವನು ಪಕ್ಕದ ಕುರ್ಚಿಯಲ್ಲಿ ಸಾಮಾನಿನ ಹಾಗೆ ಕೂತಿರುತ್ತಿದ್ದ. ಈ ಸಲ ಹಾಗಾಗಲಿಲ್ಲ. ಬೇರೆ ಊರಿನ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕತ್ತರಿಸಿ ಚೌಕಟ್ಟಿಗೆ ಕೂರಿಸುವ ಒಬ್ಬಾಕೆ, ಅವರೂ ಕೈಯಲ್ಲೇ ಮಾತಾಡುವವರು, ಭಾನುವಾರ ಭಾನುವಾರ ಅಣ್ಣನೊಡನೆ ವಿಡಿಯೊದಲ್ಲಿ ಹರಟೆಗೆ ಕೂರುತ್ತಿದ್ದರು. ತೆರೆದ ಬಾಗಿಲಿನಿಂದ ನನಗೆಲ್ಲ ಕಾಣುತ್ತಿತ್ತು, ಆದರೆ ಮಧ್ಯೆ ನಾನಿಲ್ಲ, ತಾವು ಮಾತ್ರ. ಕಳೆದ ಭಾನುವಾರ ಮದುವೆಯ ಮಾತು ಕೇಳಿಯೇಬಿಡುತ್ತೇನೆಂದು ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ‘ಇದನ್ನ ನಾನೇ ಕೇಳ್ಬೇಕು, ನೀನು ಬಾಯಿ ಹಾಕ್ಬೇಡ’ ಎಂದು ನನಗೆ ಮೊದಲೇ ತಾಕೀತು ಮಾಡಿದ.

ಬಾಯಿ ಹಾಕಬೇಡವೆಂದರೆ ಕೈಯಾದರೂ ಹಾಕೋಣವೆಂದು ನಾನು, ಅವನ ಬೆರಳುಗಳ ಮೇಲೆ ಚೆನ್ನಾಗಿ ಬೆಳಕು ಬೀಳಲಿ ಎಂದು, ಅಮ್ಮನ ಬೀರುವಿನ ಆಳೆತ್ತರದ ಕನ್ನಡಿಯನ್ನು ಬಿಚ್ಚಿ ತಂದು ಅವನ ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಒರಗಿಸಿ, ಕಿಟಕಿಯ ಬಿಸಿಲನ್ನು ಅವನ ಕೈಗೆ ತಿರುಗಿಸಿದೆ. ಬಿಸಿಲು ಬಂತು, ತಾವು ಹೋದಿರಿ. ಅಣ್ಣ ಎದೆಯ ಮುಂದೆ ಕೈ ಎತ್ತುವ ಹೊತ್ತಿಗೆ ಸರಿಯಾಗಿ, ಲ್ಯಾಪ್‌ಟಾಪಿನ ಪರದೆಯಲ್ಲಿ ಆಕೆಯ ಬೆರಳುಗಳು ಕಲಸಿದ ಹಿಟ್ಟಾದವು, ಮುಖ ಚೌಕಚೌಕವಾಯಿತು. ಆ ಕಡೆ ಅಣ್ಣನ ಗತಿಯೂ ಅದೇ ಆಗಿರಬೇಕು. ಅಷ್ಟು ಸಾಲದೆಂಬಂತೆ ಅಮ್ಮ ಅದೇ ಗಳಿಗೆಯಲ್ಲಿ ಹಾಲು ಬಿಸಿ ಮಾಡಲು ಮೈಕ್ರೋವೇವ್ ತಿರುಗಿಸಿದಳು.

ಸೋಮವಾರ ತಮ್ಮ ಕಂಪನಿಯ ರಿಪೇರಿಯವನನ್ನು ಕರೆಸಿದೆ. ಅವನು ತಮ್ಮ ಮೈಯನ್ನು ಮುಟ್ಟಲೂ ಇಲ್ಲ. ನಮ್ಮ ಕನ್ನಡಿಗಳನ್ನು ಕಂಡು ತಲೆ ಬಾಚಿಕೊಂಡು, ‘ಅಕ್ಕ, ಅದರದ್ದೇನೂ ತಪ್ಪಿಲ್ಲ, ಅದು ಮಾಡ್ಯುಲೇಷನ್ ಇಳಿಸ್ಕೊಂಡಿದೆ ಅಷ್ಟೆ’ ಎಂದ. ಹಾಗೆಂದರೇನಪ್ಪಾ ಎಂದು ಅವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿಕೊಂಡು ನಾನು ಕಲಿತದ್ದಿಷ್ಟು. ತಪ್ಪಿದ್ದರೆ ತಿದ್ದುವ ಕೃಪೆ ಮಾಡಬೇಕು.

ತಮ್ಮಿಂದ ಹೊರಡುವ ರೇಡಿಯೊ ಅಲೆ ತನ್ನಷ್ಟಕ್ಕೆ ಖಾಲಿ, ಸುಮ್ಮನೆ ಎತ್ತಿ ಹಿಡಿದ ಕೈಯ ಹಾಗೆ. ಅದರ ಎತ್ತರವನ್ನು ತಾವು ಹೆಚ್ಚುಕಡಿಮೆ ಮಾಡುತ್ತೀರಿ, ಅದರ ಹೆಜ್ಜೆಯನ್ನು ಒಂಚೂರು ಮುಂದೆ ಹಿಂದೆ ಸರಿಸುತ್ತೀರಿ. ಹಾಗೆ ಆಗುವ ಒಂದೊಂದು ಭಂಗಿಗೂ ಸೊನ್ನೆ ಮತ್ತು ಒಂದರ ಒಂದೊಂದು ಸಾಲೆಂದು ತಮ್ಮವರೊಳಗೆ ಮೊದಲೇ ಒಪ್ಪಂದವಾಗಿದೆ. ಅಂದರೆ ತಾವೂ ಸನ್ನೆ ಮಾಡುವವರೇ! ದಾರಿ ಸಲೀಸಾಗಿದ್ದಾಗ ಇನ್ನೂರೈವತ್ತಾರು ಬಗೆಯ ಭಂಗಿ ಹಿಡಿದು, ಒಂದೊಂದರಲ್ಲೂ ಎಂಟೆಂಟು ಅಂಕಿ ತುಂಬಿ ಕಳಿಸುವ ತಾವು, ದಾರಿಯಲ್ಲಿ ಅಡ್ಡಿ ಬಂದು ಅಲೆ ಸೊರಗಿದರೆ, ಗದ್ದಲ ಎದ್ದರೆ, ಅಷ್ಟು ಒತ್ತೊತ್ತಾದ ಭಂಗಿಗಳಲ್ಲಿ ಯಾವುದು ಯಾವುದೆಂದು ಆಚೆಯವರಿಗೆ ತಿಳಿಯಲಾರದೆಂದು ಅರವತ್ತನಾಲ್ಕಕ್ಕೆ, ಹದಿನಾರಕ್ಕೆ, ನಾಲ್ಕಕ್ಕೆ ಇಳಿಯುತ್ತೀರಂತೆ. ಕನ್ನಡಿಯ ಬೆನ್ನಿಗೆ ಬಳಿದ ಲೋಹದ ಲೇಪವನ್ನು ದಾಟಲಾರದೆ, ಅಮ್ಮನ ಹಾಲು ಕಾಯಿಸುವ ಮೈಕ್ರೋವೇವ್ ಎಬ್ಬಿಸಿದ ಅಲೆಗಳ ಗದ್ದಲಕ್ಕೆ ತತ್ತರಿಸಿ, ಭಾನುವಾರ ಕೊನೆಗೆ ಎರಡೇ ಭಂಗಿಗೆ ಇಳಿದು ಬಂದಿರಿ. ಒಂದು, ಇಲ್ಲವೇ ಸೊನ್ನೆ. ಒಂದು ಮದುವೆಯ ಮಾತುಕತೆಯನ್ನು ಇಷ್ಟು ಚುಟುಕಾಗಿ ಮುಗಿಸಬಹುದೆಂದು ನಮ್ಮ ಹಿರಿಯರಿಗೆ ಹೊಳೆದೇ ಇರಲಿಲ್ಲ, ತಮ್ಮ ಮಿತಭಾಷಿತ್ವಕ್ಕೆ ನಾನು ತಲೆಬಾಗುತ್ತೇನೆ.

ಈ ಸಂದರ್ಭದಲ್ಲಿ ಕೆಲವು ಸಣ್ಣಪುಟ್ಟ ವಿನಂತಿಗಳಿವೆ. ಕನ್ನಡಿ ಎದುರಾದರೆ ಗಾಬರಿಬೀಳದೆ, ಒಮ್ಮೆ ತಲೆ ಸರಿಮಾಡಿಕೊಂಡು, ನಾವೆಲ್ಲ ಮಾಡುವಂತೆ ಪಕ್ಕಕ್ಕೆ ಸರಿದು ಮುಂದೆ ಹೋಗುವುದನ್ನು ತಾವು ರೂಢಿಸಿಕೊಳ್ಳಬೇಕು. ಅಮ್ಮನ ಹಾಲು ಬಿಸಿಯಾಗುವವರೆಗೆ ಎರಡೂ ಕಿವಿ ಮಡಚಿಟ್ಟುಕೊಳ್ಳಬೇಕು. ಮಹಡಿ ಮನೆಯ ರೂಟರ್ ಜೊತೆಗಿನ ತಮ್ಮ ನೆರೆಹೊರೆ ಜಗಳವನ್ನು ವಾರದ ದಿನಗಳಿಗೆ ಮುಂದೂಡಬೇಕು. ಇನ್ನು ಮುಂದೆ ಭಂಗಿ ಇಳಿಸುವ ಮುನ್ನ ಮನೆಯವರ ಒಪ್ಪಿಗೆ ಪಡೆಯುವುದು, ಅಥವಾ ಮುಜುಗರದಿಂದ ಒಂದು ಸಲ ಕೆಮ್ಮುವುದು, ಇವೆರಡರಲ್ಲಿ ಒಂದನ್ನಾದರೂ ದಯಪಾಲಿಸಬೇಕು.

ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ತಮ್ಮ ಮುಂದೆ ಸುಳ್ಳು ಹೇಳಲಾರೆ. ಪರದೆ ಕೆಟ್ಟಾಗ ನನಗೆ ಅಯ್ಯೋ ಅನಿಸಿತ್ತು, ನಿಜ. ಅದರ ಹಿಂದೆಯೇ, ಹೇಳಲು ನಾಚಿಕೆ, ಒಂಚೂರು ಖುಷಿಯೂ ಆಗಿತ್ತು. ಇನ್ನು ನಾನೇ ಬೇಕಲ್ಲ! ಆಕೆಯ ಮನೆಯಲ್ಲಿ ಕಿವಿ ಕೇಳಿಸುವ ಅಣ್ಣನೊಬ್ಬನಿದ್ದಾನೆ, ಅವರಿಗೆ ಫೋನು ಮಾಡುತ್ತೇನೆ, ಇಲ್ಲಿ ನಾನು ನುಡಿದದ್ದನ್ನು ಅಲ್ಲಿ ಅವರು ಕೈಯಲ್ಲಿ ಹೇಳಲಿ ಎಂದು ನಾನು ಮೊಬೈಲು ಹಿಡಿದು ಮುಂದೆ ಬಂದೆ. ನನ್ನಣ್ಣ ನನ್ನತ್ತ ತಿರುಗಲೇ ಇಲ್ಲ.

ಏಕೆಂದರೆ ಪರದೆಯಲ್ಲಿ ಆಕೆ ಎದ್ದು ನಿಂತಿದ್ದರು. ಕುರ್ಚಿ ಹಿಂದೆ ತಳ್ಳಿ, ಕ್ಯಾಮೆರಾದಿಂದ ದೂರ ಸರಿದು, ಬೆರಳ ಮಾತು ಬಿಟ್ಟು ಇಡೀ ತೋಳಿನಿಂದ, ಒಂದೊಂದು ಸನ್ನೆಯನ್ನೂ ತಡೆದು ತಡೆದು ದೊಡ್ಡದಾಗಿ ಬಿಡಿಸಿದರು: ನಿಧಾನ... ಹೇಳಿ... ನನಗೇನೂ ಅವಸರವಿಲ್ಲ. ಯಾವ ರಿಪೇರಿಯವನೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ತಲುಪುವುದು ಮುಖ್ಯ, ಎಷ್ಟು ಬೇಗ ಎಂಬುದಲ್ಲ ಎಂದು ತಾವು ಅಲೆಯೊಳಗೆ ಮಾಡುತ್ತಿದ್ದುದನ್ನೇ ಅವರು ತೋಳಿನಲ್ಲಿ ಮಾಡಿದರು. ಅಣ್ಣನೂ ಎದ್ದು ನಿಂತ, ಬೆತ್ತದ ಕಂತೆಯನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡ.

ಆದರೆ ಸನ್ನೆಯಲ್ಲಿ ತೋಳು ಬೀಸಿ ಮಾತಾಡುವುದೆಂದರೆ ಗಂಟಲು ಹರಿಯುವಂತೆ ಕೂಗಿದ ಹಾಗೆ, ಮೂರು ಕೋಣೆಯಾಚೆಗೂ ತಿಳಿಯುತ್ತದೆ. ಅಣ್ಣನಿಗೆ ಅದು ನೆನಪಾಗಿರಬೇಕು. ತೋಳನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿ, ‘ಹೊರಗೆ ಹೋಗು ಮಾರಾಯ್ತಿ, ಬಾಗಿಲು ಹಾಕ್ಕೋ’ ಎಂದ. ನಾನು ಹೋದೆ. ಮುಚ್ಚಿದ ಬಾಗಿಲ ಮುಂದೆ ನಿಂತೆ. ಕಿವಿಗೊಟ್ಟು ಕೇಳೋಣವೆಂದರೆ ಒಳಗೆ ಸದ್ದೇ ಇಲ್ಲ. ನನ್ನಣ್ಣ ಏನು ಹೇಳುತ್ತಿದ್ದಾನೆಂದು ನನಗೆ ಗೊತ್ತಿಲ್ಲದಿದ್ದದ್ದು ಹುಟ್ಟಿದಾರಭ್ಯ ಅದೇ ಮೊದಲು. ನನಗೆ ಅಳು ಬಂತು, ಅದು ದುಃಖದ್ದೋ ಸಂತೋಷದ್ದೋ ಇವತ್ತಿಗೂ ತಿಳಿಯದು.

ಅವನು ಹೊರಗೆ ಬಂದಾಗ ಅಂಗಿಯ ಇಸ್ತ್ರಿಯೆಲ್ಲ ಮುದುಡಿತ್ತು, ಕಿವಿಯ ತುದಿಯವರೆಗೆ ಕೆಂಪಾಗಿದ್ದ. ಒಪ್ಪಿದ್ದಾರೆ ಎಂದು ಅಮ್ಮನಿಗೆ ಹೇಳಿದ. ನೀನೇನು ಕೇಳಿದೆ, ಅವರೇನಂದರು, ಅಷ್ಟು ಹೊತ್ತು ಏನಿತ್ತು ಎಂದು ನಾನು ಬೆನ್ನು ಹತ್ತಿದ್ದಕ್ಕೆ, ‘ಅದು ನಮ್ಮಿಬ್ಬರ ಮಾತು’ ಎಂದು ನಕ್ಕು ಕೈ ಕಟ್ಟಿಕೊಂಡುಬಿಟ್ಟ. ಅವನು ಕೈ ಕಟ್ಟಿಕೊಂಡರೆ ಮುಗಿಯಿತು.

ಆದ್ದರಿಂದ ಮಾನ್ಯರೇ, ಅಂದು ಆ ಕೋಣೆಯಲ್ಲಿ ಆದ ಮಾತೆಲ್ಲ ಒಂದು, ಸೊನ್ನೆ, ಒಂದು, ಸೊನ್ನೆ ಎಂದು ತಮ್ಮ ಮೈಮೇಲೆಯೇ ಹಾದುಹೋಗಿದೆ. ಅವರಿಬ್ಬರ ಹೊರತು ಅದನ್ನು ಮುಟ್ಟಿದವರು ತಾವೊಬ್ಬರೇ. ಅದನ್ನು ನನಗೆ ತಿಳಿಸಿ ಎಂದು ಬೇಡಿಕೊಳ್ಳುವುದಕ್ಕೇ ಈ ಪತ್ರ ಬರೆಯಲು ಕೂತಿದ್ದೆ. ಬರೆಯುತ್ತ ಇಲ್ಲಿಯವರೆಗೆ ಬಂದ ಮೇಲೆ ಆ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನಾನೇ ಕೈಮುಗಿದು ಕೇಳಿದರೂ ಹೇಳಬೇಡಿ.

ಸಿಗ್ನಲ್ ಇರುವಷ್ಟು ಹೊತ್ತು
ತಮ್ಮ ವಿಶ್ವಾಸಿ,
ಕುರ್ಚಿ ರಿಪೇರಿಯವನ ತಂಗಿ

ತಾ.ಕ.: ಮದುವೆಯಾದ ಮೇಲೆ ಅತ್ತಿಗೆ ಇಲ್ಲಿಗೇ ಬಂದು ಇರುತ್ತಾರಂತೆ. ಎದುರೆದುರು ಕೂತು ಮಾತಾಡುವವರಿಗೆ ಮಧ್ಯಸ್ಥರ ಹಂಗಿಲ್ಲವಾದ್ದರಿಂದ ಭಾನುವಾರಗಳಲ್ಲಿ ತಮಗೆ ಬಿಡುವೋ ಬಿಡುವು. ನನಗೂ ಬಿಡುವೇ, ಆದರೆ ನನ್ನನ್ನು ಯಾರೂ ಪ್ಲಗ್ಗಿನಿಂದ ಕೀಳಲಾರರು ಎಂಬ ಸಣ್ಣ ವ್ಯತ್ಯಾಸವನ್ನು ತಾವು ವಿನಯದಿಂದ ಗಮನಿಸುವುದು.