ತಾಳವಿಲ್ಲದ ಹಾಡಿಗೆ ಸಿಕ್ಕ ಮಾತು

ಇಗರ್ಜಿಯಲ್ಲಿ ಹಾಡಿಸುವ ಕೆಲಸ ಒಪ್ಪಿಕೊಂಡವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪ್ರತಿ ಪೂಜೆಗೂ ಅದು ತಪ್ಪದೆ ಬರುತ್ತದೆ, ಭಕ್ತರಿಗಿಂತ ಮುಂಚೆ.

ನಾನು ನಾಗಪುರದಲ್ಲಿ ರೈಲ್ವೆ ನೌಕರ. ತಿಂಗಳಿಗೊಮ್ಮೆ ಇಲ್ಲಿನ ಚರ್ಚಿನಲ್ಲಿ ನಡೆಯುವ ಕನ್ನಡ ಪೂಜೆಗೆ ಹಾಡಿಸುವವನೂ ನಾನೇ. ಚಿಕ್ಕಂದಿನಲ್ಲಿ ಪಾದ್ರಿಯಾಗಲು ಸೆಮಿನರಿ ಸೇರಿ, ಆಗದೆ ಹೊರಬಂದೆ. ಬರುವಾಗ ಜೊತೆಗೆ ಬಂದದ್ದು ಲ್ಯಾಟಿನ್ ಪೂಜೆಯ ಹಳೆಯ ಗ್ರೆಗೋರಿಯನ್ ಗಾಯನ ಒಂದೇ. ಅದರಲ್ಲಿ ಮಾತು ಯಜಮಾನ, ರಾಗ ಆಳು. ಸಾಲಿನ ಮಾತೆಲ್ಲ ಒಂದೇ ಸ್ವರದ ಮೇಲೆ ಸಾಗುತ್ತದೆ. ನಡುವೆ ಸ್ವಲ್ಪ ಏರಿಸಬೇಕು, ಕೊನೆಗೆ ಮೆಲ್ಲಗೆ ಇಳಿಸಬೇಕು. ಸಾಲು ಎಷ್ಟೇ ಉದ್ದವಿರಲಿ, ರಾಗ ಗೊಣಗದೆ ಹೊರುತ್ತದೆ. ಬೈಬಲಿನ ಕೀರ್ತನೆಗಳನ್ನು ಕನ್ನಡದಲ್ಲಿ ಈ ರಾಗಕ್ಕೆ ಕೂರಿಸಿದ್ದೇನೆ. ನಮ್ಮ ಜನ ಒಮ್ಮೆಯಾದರೂ ಆ ಮಾತು ಕೇಳಿಸಿಕೊಳ್ಳಲಿ ಎಂಬುದಷ್ಟೇ ನನ್ನ ಆಸೆ.

ತಬಲಾದವರು

ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಒಬ್ಬರು ನಮ್ಮ ತಬಲಾದವರು. ಮೊದಲ ದಿನವೇ ಕೇಳಿದರು:

"ಸರ್, ಇದಕ್ಕ ತಾಳ ಯಾವುದ್ರಿ?"

"ತಾಳ ಇಲ್ಲ. ಮಾತಿನ ಉಸಿರೇ ತಾಳ."

"ಹಂಗಾದ್ರ ನಾ ಇಷ್ಟು ದೂರ ಯಾಕ ಬಂದೆ?"

ಕೀರ್ತನೆ ಮುಗಿಯುವವರೆಗೂ ಪಾಪ, ಕೈ ಕಟ್ಟಿಕೊಂಡು ಕೂತಿದ್ದರು. ನಾನು ಕೊನೆಯ ಆಮೆನ್ ಅನ್ನುವುದೇ ತಡ, ಒಳಗೆ ತಡೆದಿಟ್ಟುಕೊಂಡದ್ದನ್ನೆಲ್ಲ ತಬಲಾದ ಮೇಲೆ ಸುರಿದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಫಾದರ್ ಪೀಠ ಇಳಿದು ಬಂದು ಅವರ ಕೈ ಕುಲುಕಿದರು. ತಬಲಾದವರು ನನ್ನ ಬೆನ್ನು ತಟ್ಟಿ ಹೇಳಿದರು: "ಬರೋಬರ್ ಆತ್ರಿ ಸರ್. ನನ್ನ ಐಟಮ್ಮಿಗಿಂತ ಮೊದಲು ನಿಮ್ದು ಸ್ವಲ್ಪ ಉದ್ದ ಆತು."

ಅಜ್ಜಿಯ ಪ್ರಾರ್ಥನೆ

ಈ ಗಾಯನದಲ್ಲಿ ಸಂತೋಷ ಹೆಚ್ಚಾದಾಗ ಮಾತು ಸಾಲದೆ ಹೋಗುತ್ತದೆ. ಆಗ 'ಅಲ್ಲೆಲೂಯಾ' ಎಂಬ ಒಂದೇ ಪದದ ಕೊನೆಯ ಅಕ್ಷರ ಹತ್ತಾರು ಸ್ವರ ಸುತ್ತಾಡಿ ಬರುತ್ತದೆ. ಈಸ್ಟರ್ ಪೂಜೆಗೆಂದು ಅದನ್ನು ವಾರಗಟ್ಟಲೆ ಅಭ್ಯಾಸ ಮಾಡಿ ಹಾಡಿದೆ. ನೋಡಿದರೆ, ಮನೀಶ್ ನಗರದಿಂದ ಬರುವ ಒಬ್ಬ ಅಜ್ಜಿ ಮುಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ, ಜಪಮಣಿ ಬಿಗಿಯಾಗಿ ಹಿಡಿದು ಕೂತಿದ್ದರು. ಅಂತೂ ಒಬ್ಬರಿಗಾದರೂ ಮುಟ್ಟಿತಲ್ಲ ಎಂದು ನನ್ನ ಎದೆ ಉಬ್ಬಿತು.

ಪೂಜೆ ಮುಗಿದ ಮೇಲೆ ಅಜ್ಜಿ ನನ್ನ ತಲೆ ಸವರಿದರು. "ಮುಂದಿನ ಶಬ್ದ ಮರತು ಒದ್ದಾಡಾಕತ್ತಿದ್ದಿ, ನೋಡಾಕ ಆಗ್ಲಿಲ್ಲಪ್ಪಾ. ಬೇಗ ನೆನಪು ಕೊಡವ್ವಾ ಅಂತ ಮಾತೆ ಮರಿಯಮ್ಮಗ ಬೇಡ್ಕೊಂಡೆ. ಕಡೀಗೆ ನೆನಪಾತು ನೋಡು!"

ಮದುವೆಯ ಕೀರ್ತನೆ

ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ. ದೇವನಾಗರಿಯಲ್ಲಿ ಬರೆದುಕೊಟ್ಟರೆ ಹಾಡುತ್ತಾರೆ. ಮದ್ದುಗುಂಡಿನ ಆರ್ಡ್‌ನೆನ್ಸ್ ಕಾರ್ಖಾನೆಯ ನೌಕರರೊಬ್ಬರ ಮಗ ತನ್ನ ಮದುವೆಗೆ ಒಂದು ಕೀರ್ತನೆ ಆರಿಸಿದ. ದೇವರೇ ನನ್ನ ಕೈ ಬಿಟ್ಟ, ಬಂಧುಗಳೂ ದೂರವಾದರು ಎಂದು ನೊಂದವನೊಬ್ಬ ಗೋಳಿಡುವ ಕೀರ್ತನೆ ಅದು.

"ಅರ್ಥ ಕೇಳಪ್ಪಾ ಮೊದಲು," ಎಂದೆ.

"ಅರ್ಥ್ ಛೋಡೋ ಅಂಕಲ್, ಟ್ಯೂನ್ ಮಸ್ತ್ ಇದೆ."

ಮದುಮಗಳು ನಗುನಗುತ್ತ ಒಳಗೆ ಬಂದಳು. ನಾವು ಗೋಳಿಟ್ಟೆವು. ಎಲ್ಲರೂ ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡಿಕೊಂಡರು. ಕೆಲವು ವರ್ಷಗಳ ನಂತರ ಅವನೇ ದಾರಿಯಲ್ಲಿ ನಿಲ್ಲಿಸಿ, "ಅಂಕಲ್, ಆ ಹಾಡಿನ ಅರ್ಥ ಏನಿತ್ತು?" ಎಂದ. ಹೇಳಿದೆ. ಅಂದ: "ನೀವು ವಾರ್ನಿಂಗ್ ಕೊಟ್ಟಿದ್ರಿ. ನಾವಿಬ್ಬರೇ ಕೇಳಿಸ್ಕೊಳ್ಳಲಿಲ್ಲ."

ಕಡೆಯ ಅವಕಾಶ

ಕೊನೆಗೆ ಇಗರ್ಜಿಯ ಕಮಿಟಿ ಸಭೆ ಕರೆಯಿತು. ಕಾರ್ಯದರ್ಶಿ ನೇರವಾಗಿಯೇ ಹೇಳಿದರು: "ನೀವು ಹಾಡುವಾಗ ಜನ ನಿದ್ದೆ ಮಾಡ್ತಾರೆ. ಮುಂದಿನ ಪೂಜೆಗೆ ಎಲ್ಲರೂ ಕೂಡಿ ಉತ್ತರ ಹಾಡಿದರೆ ಇರಲಿ. ಇಲ್ಲಾಂದ್ರೆ ಕೀಬೋರ್ಡ್ ತರ್ತೇವೆ."

ನಾನು ಒಂದು ಸಾಲು ಹಾಡಿದ ಮೇಲೆ ಜನರೆಲ್ಲ "ಪ್ರಭುವೇ, ನಮ್ಮ ಮೊರೆಯ ಆಲಿಸು" ಎಂದು ಉತ್ತರ ಹಾಡಬೇಕು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರು ಸರಿಯಾಗಿ ಹಾಡಿದ್ದಿಲ್ಲ. ಆ ಪೂಜೆಯ ದಿನ ಹೊರಡುವಾಗ ನನ್ನ ಹೆಂಡತಿ, "ದೇವರ ಮುಂದ ಹಾಡ್ರಿ, ಕಮಿಟಿ ಮುಂದ ಅಲ್ಲ," ಎಂದಳು.

ಜೀವ ಒತ್ತೆ ಇಟ್ಟು ಹಾಡಿದೆ. ಮೊದಲ ಸಾಲಿಗೆ ಒಬ್ಬರು ಕೆಮ್ಮಿದರು. ಎರಡನೆಯದಕ್ಕೆ ಅದೂ ಇಲ್ಲ. ಮೂರನೆಯ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ಬಂದು ಕಿವಿಯಲ್ಲಿ, "ಗೇಟಿಗೆ ಕೆಂಪು ಕಾರು ಅಡ್ಡ ನಿಂತಿದೆ, ಜಲ್ದಿ ಅನೌನ್ಸ್ ಮಾಡಿ," ಎಂದರು. ಕೀರ್ತನೆಯ ನಡುವೆ! ನನಗೆ ಮೈಯೆಲ್ಲ ಉರಿದುಹೋಯಿತು. ತಗೋಳಿ ಹಾಗಾದರೆ ಎಂದು ಅದೇ ರಾಗದಲ್ಲಿ ಎತ್ತಿದೆ:

"ಗೇಟಿಗೆ ಅಡ್ಡವಾಗಿ ಕೆಂಪು ಕಾರೊಂದು ನಿಂತಿದೆ," ಎಂದು ಏರಿಸಿ, "ಅದರ ಮಾಲೀಕರು ಬೇಗನೆ ಹೋಗಿ ತೆಗೆಯಿರಿ," ಎಂದು ಮೆಲ್ಲಗೆ ಇಳಿಸಿದೆ.

ಇಡೀ ಇಗರ್ಜಿ ಎದ್ದು ನಿಂತು ಒಂದೇ ಕಂಠದಲ್ಲಿ, ಸ್ವರ ಕಿಂಚಿತ್ತೂ ತಪ್ಪದೆ, "ಪ್ರಭುವೇ, ನಮ್ಮ ಮೊರೆಯ ಆಲಿಸು!" ಎಂದು ಹಾಡಿತು. ಕಾರಿನವನೂ ಹಾಡುತ್ತಲೇ ಓಡಿದ.

ಕಮಿಟಿಗೆ ಪರಮಾನಂದ. ಅಂದೇ ತೀರ್ಮಾನವಾಯಿತು: ಕೀರ್ತನೆ ಕೀಬೋರ್ಡಿನವರಿಗೆ, ಗ್ರೆಗೋರಿಯನ್ ಗಾಯನ ಇನ್ನು ಮುಂದೆ ಪ್ರಕಟಣೆಗಳಿಗೆ. ಆದರೂ ಒಪ್ಪಿದೆ. ನಾನು ಬಿಟ್ಟರೆ ಈ ಊರಿನಲ್ಲಿ ಆ ರಾಗ ಅಲ್ಲಿಗೆ ಮುಗಿಯಿತು.

ಮುಂದಿನ ತಿಂಗಳು ನಾನು ಹಾಡಿದ್ದು ಇಷ್ಟು: ಪಂಪು ಸುಟ್ಟುಹೋಗಿದೆ, ಶೌಚಾಲಯದಲ್ಲಿ ನೀರಿಲ್ಲ, ದಯವಿಟ್ಟು ಮನೆಗೆ ಹೋಗುವವರೆಗೆ ತಡೆದುಕೊಳ್ಳಿ. ಪೂಜೆ ಮುಗಿದ ಮೇಲೆ, ಸಾವನೇರಿನ ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಇಷ್ಟು ವರ್ಷ ಕೇಳೀನಿ ಸರ್," ಎಂದರು. "ಇವತ್ತ ನೋಡ್ರಿ, ಒಂದೊಂದು ಶಬ್ದಾನೂ ಒಳಗ ಮುಟ್ಟಿತು."